ಕಿತ್ತಳೆ ಕೋಟಿನ ಹಿಂದೆ

ಫೆಬ್ರವರಿ 26

ಪ್ರೀತಿಯ ಭಾವಮೈದುನನಿಗೆ,

ಇಲ್ಲಿ ಎಲ್ಲರೂ ಕ್ಷೇಮ, ನನ್ನ ಸೊಂಟವೊಂದನ್ನು ಬಿಟ್ಟು. ಫೋನಿರುವಾಗ ಕಾಗದ ಯಾಕೆ ಎಂದು ಹುಬ್ಬು ಗಂಟಿಕ್ಕಬೇಡ. ಮನೆಯ ಫೋನು ನಿನ್ನ ಅಕ್ಕನ ಕೈಗೆ ಸಿಕ್ಕರೆ ನನಗೆ ವಾಪಸು ಬರುವುದಿಲ್ಲ. ಕಚೇರಿಯ ಫೋನಿನಲ್ಲಿ ಮಾತಾಡಿದರೆ ಸಂಜೆಯೊಳಗೆ ಮೀನು ಮಾರುವವಳಿಗೂ ಸುದ್ದಿ ಮುಟ್ಟಿರುತ್ತದೆ.

ನೀನು ರಾಜಧಾನಿಯಲ್ಲಿ ಅನುದಾನ ವಿಭಾಗದ ಕುರ್ಚಿಯಲ್ಲಿ ಕೂತಿದ್ದೀಯ. ನಾನು ಈ ಹೊಳೆದಂಡೆಯ ಪಟ್ಟಣಕ್ಕೆ ವಿಪತ್ತು ಸಿದ್ಧತಾ ಅಧಿಕಾರಿ. ಹೆಣ್ಣು ಕೊಟ್ಟ ಮನೆಯವರಿಗೇ ಲೆಕ್ಕ ಒಪ್ಪಿಸುವ ಹಣೆಬರಹ ಯಾವ ಅಳಿಯನಿಗೂ ಬೇಡಪ್ಪ.

ನಿಮ್ಮ ಅನುದಾನದಲ್ಲಿ ಸೈರನ್ ಬಂತು, ಹಗ್ಗ ಬಂತು, ದೋಣಿ ಬಂತು, ಪಂಪ್‌ಹೌಸಿಗೆ ಕಳ್ಳರ ಕಾಟ ತಪ್ಪಿಸಲು ಬೇಲಿಯೂ ಬಂತು. ನೀರಿನ ಟ್ಯಾಂಕಿರುವ ದಿಬ್ಬದ ಮೇಲೆ, ಹೊಳೆ ಉಕ್ಕಿದರೆ ಜನ ಹೋಗಿ ನಿಲ್ಲುವುದಕ್ಕೆ ಗಟ್ಟಿಮುಟ್ಟಾದ ಕಟ್ಟಡ ಎದ್ದಿದೆ. ಆದರೆ ಅಲ್ಲಿಗೆ ಹತ್ತುವ ಕಲ್ಲುಮೆಟ್ಟಿಲು ಜಾರುಬಂಡೆ ಇದ್ದ ಹಾಗಿದೆ. ಮುದುಕರು ಮಕ್ಕಳು ಹಿಡಿದು ಹತ್ತಲು ಕಂಬಿ ಬೇಕು, ದೀಪ ಬೇಕು. ಅದಕ್ಕೆ ಕೊನೆಯ ಕಂತು ಬರಬೇಕು. ಮಾರ್ಚ್ ಮುಗಿಯುವುದರೊಳಗೆ ಊರಿನ ಜನರನ್ನೆಲ್ಲ ಎಬ್ಬಿಸಿ ಒಂದು ತಾಲೀಮು ನಡೆಸಿ, ನಿಮ್ಮವರು ಬಂದು ನೋಡಿ, ನೀನು ಸಹಿ ಹಾಕಿದರೆ ಮಾತ್ರ ಆ ಹಣ. ಇಲ್ಲವಾದರೆ ಬಂದ ದಾರಿಗೆ ಸುಂಕವಿಲ್ಲ.

ಬೀದಿಗೊಬ್ಬರನ್ನು ಮುಂದಾಳು ಮಾಡಿ ಕಿತ್ತಳೆ ಬಣ್ಣದ ಕೋಟು ಕೊಟ್ಟಿದ್ದೇನೆ. ಸೈರನ್ ಕೂಗಿದರೆ ಜನ ಏನೂ ಕೇಳಬಾರದು, ಕೋಟಿನ ಹಿಂದೆ ನಡೆಯಬೇಕು. ಕೆಳಬೀದಿಯ ಕೋಟು ಯಾರಿಗೆ ಅಂದುಕೊಂಡೆ? ನಿನ್ನ ಅಮ್ಮನಿಗೆ. ಅವರ ಗುಂಡಿ-ದಾರದ ಅಂಗಡಿಯಲ್ಲಿ ಕೂತೆದ್ದು ಹೋಗದವರು ಆ ಬೀದಿಯಲ್ಲಿ ಯಾರೂ ಇಲ್ಲ. ಕಣ್ಣಿಗೆ ಪೊರೆ ಬಂದಿದೆಯಲ್ಲ ಅತ್ತೆ, ಎಂದೆ. ಕಣ್ಣು ಮಂಜಾದರೇನು, ಕಾಲಿಗೆ ದಾರಿ ಗೊತ್ತಿದೆ, ಎಂದರು.

ನಿನ್ನ ಕಾಗದಗಳನ್ನು ಎಷ್ಟೋ ವರ್ಷದಿಂದ ಅವರಿಗೆ ನಾನೇ ಓದಿ ಹೇಳುತ್ತೇನೆ. ಬರೆಯುವುದು ನಾಲ್ಕು ಸಾಲು, ಅದೂ ಸುತ್ತೋಲೆ ಇದ್ದ ಹಾಗೆ. ಅದಕ್ಕೆ ಕೊನೆಯಲ್ಲಿ ‘ಅಮ್ಮಾ, ನಿನ್ನ ನೆನಪಾಗಿ ಕಣ್ಣು ತುಂಬಿತು’ ಎಂದು ಒಂದಿಷ್ಟು ಸೇರಿಸುತ್ತೇನೆ. ಮೊನ್ನೆ ಸಿಕ್ಕಿಬಿದ್ದೆ. “ಅಳಿಯಂದ್ರೇ, ಬೇಳೆ ಅವನ್ದು, ಒಗ್ಗರಣೆ ನಿಮ್ದು. ನನಗೆ ವಾಸನೆ ಗೊತ್ತಾಗಲ್ವಾ?” ಎಂದರು.

ತಾಲೀಮಿನ ದಿನ ಗೊತ್ತು ಮಾಡಿ ತಿಳಿಸು.

ನಿನ್ನ ಭಾವ

*

ಮಾರ್ಚ್ 5

ಭಾವನವರಿಗೆ ನಮಸ್ಕಾರ.

ಕಾಗದ ಬರೆದದ್ದೇ ಒಳ್ಳೆಯದಾಯಿತು. ನಿಮ್ಮ ಪಟ್ಟಣದ ಕಡತ ನನ್ನ ಮೇಜಿನಲ್ಲಿದೆ, ನೀವು ನನ್ನ ಭಾವ ಎಂಬುದು ಇಲ್ಲಿ ಎಲ್ಲರಿಗೂ ಗೊತ್ತಿಲ್ಲ.

ತಾಲೀಮು 22ಕ್ಕೆ. ಇಬ್ಬರು ಪರಿವೀಕ್ಷಕರು ಬರುತ್ತಾರೆ. ಹಿರಿಯರಿಗೆ ಮೊಣಕಾಲು ನೋವು. ಜೀಪು ದಿಬ್ಬ ಹತ್ತುವುದಿಲ್ಲ, ಅವರೂ ಹತ್ತುವುದಿಲ್ಲ. ನೋಡದೆ ಸಹಿ ಹಾಕುವುದಿಲ್ಲ ಎಂಬ ಹಟವೂ ಇದೆ. ಆದ್ದರಿಂದ ಜನರನ್ನು ಮಾರುಕಟ್ಟೆ ಮೈದಾನಕ್ಕೆ ತನ್ನಿ. ಅಲ್ಲಿ ನೆರಳು ಹಾಕಿಸಿ, ಕುರ್ಚಿ ಇಡಿಸಿ. ಪ್ರಮಾಣಪತ್ರದಲ್ಲಿ ಯೋಜನೆಯಲ್ಲಿರುವಂತೆ ‘ದಿಬ್ಬಕ್ಕೆ’ ಎಂದೇ ಇರಲಿ. ಅದನ್ನು ನಾನು ನೋಡಿಕೊಳ್ಳುತ್ತೇನೆ.

ಒಂದು ದಿನದ ಮಾತು. ನಿಜವಾಗಿ ನೀರು ಬಂದಾಗ ಎತ್ತರಕ್ಕೆ ಹೋಗಬೇಕು ಎಂಬುದು ಯಾರಿಗೆ ಗೊತ್ತಿಲ್ಲ? ಈ ಕಂತು ತಪ್ಪಿದರೆ ಕಂಬಿಯ ಆಸೆ ಬಿಡಿ.

ಅಮ್ಮನಿಗೆ ಕೇಳಿದೆ ಎಂದು ಹೇಳಿ.

ಇತಿ ನಿಮ್ಮವ

*

ಮಾರ್ಚ್ 24

ಪ್ರೀತಿಯ ಭಾವಮೈದುನನಿಗೆ,

ನೀನು ಹೇಳಿದ ಹಾಗೇ ಆಯಿತು. ಸೈರನ್ ಕೂಗಿದ್ದೇ ತಡ, ಕೆಳಬೀದಿ ಇರುವೆ ಸಾಲಿನ ಹಾಗೆ ಹೊರಟಿತು. ಮುಂದೆ ನಿನ್ನ ಅಮ್ಮ. ಕೋಟು ಮೊಣಕಾಲು ದಾಟಿತ್ತು, ತೋಳು ಮಡಚಿಕೊಂಡಿದ್ದರು. ಹಿಂದಿನ ದಿನವೆಲ್ಲ ಅಂಗಡಿಯಿಂದ ಮೈದಾನಕ್ಕೆ ಗೋಡೆ ಸವರಿಕೊಂಡು ಹೋಗಿ ಬಂದು ಅಭ್ಯಾಸ ಮಾಡಿದ್ದರಂತೆ. ಸೈಕಲ್ ರಿಪೇರಿಯವನು ನಡುವೆ ಬೀಡಿ ಹಚ್ಚಲು ನಿಂತದ್ದಕ್ಕೆ, ನೀರು ನಿನ್ನ ಬೀಡಿ ಮುಗಿಯೋವರೆಗೂ ಕಾಯುತ್ತೇನೋ ಎಂದು ಝಾಡಿಸಿದರು. ಮೊಣಕಾಲಿನ ಸಾಹೇಬರು ಎದ್ದು ನಿಂತು ಚಪ್ಪಾಳೆ ಹೊಡೆದರು. ಎಲ್ಲರಿಗೂ ಬಿಸಿ ಚಹಾ, ಬನ್ನು. ಮಕ್ಕಳು ಮತ್ತೆ ಯಾವಾಗ ಎಂದು ಕೇಳುತ್ತಿವೆ.

ನಾನು ಮಾತ್ರ ನನ್ನ ಬನ್ನನ್ನು ಒಂದು ಮಗುವಿನ ಕೈಗಿಟ್ಟೆ. ಆ ಮೈದಾನ ತಟ್ಟೆಯ ಹಾಗಿದೆ. ಹಿಂದಿನ ದೊಡ್ಡ ಚರಂಡಿ ಹೊಳೆಗೆ ಸೇರುತ್ತದಲ್ಲ, ಹೊಳೆ ಏರಿದರೆ ನೀರು ಅದೇ ಚರಂಡಿಯಲ್ಲಿ ಹಿಮ್ಮುಖವಾಗಿ ಬಂದು ಮೊದಲು ತುಂಬುವುದು ಆ ತಟ್ಟೆಯನ್ನೇ.

ನಮ್ಮಜ್ಜಿ ಒಂದು ಕಥೆ ಹೇಳುತ್ತಿದ್ದಳು. ಒಬ್ಬ ಗಾಡಿಯವನು. ಗಾಡಿ ಹೂಡಿ ನಿದ್ದೆ ಹೋದರೂ ಎತ್ತು ಅವನನ್ನು ಮನೆಗೆ ತಂದು ಬಿಡುತ್ತಿತ್ತು. ಹೊಳೆಯಾಚೆ ಹೊಸ ಮನೆ ಕಟ್ಟಿದ. ಮೊದಲ ದಿನವೇ ಗಾಡಿಯಲ್ಲಿ ಮಲಗಿದ. ಎತ್ತು ಹಳೆಯ ಮನೆಗೇ ಹೋಯಿತು. ಅಲ್ಲಿ ಗೋಡೆ ಬಿದ್ದು ಹಿತ್ತಲ ಬಾವಿ ಬಾಯಿ ತೆರೆದಿತ್ತು. ಅಜ್ಜಿ ಅಲ್ಲಿಗೆ ನಿಲ್ಲಿಸಿ, “ಎತ್ತಿಗೆ ಬೈಬೇಡಿ ಮಕ್ಕಳಾ, ಅದು ಕಲಿಸಿದ ದಾರೀಲೇ ನಡೀತು” ಅನ್ನುತ್ತಿದ್ದಳು.

ಸುಮ್ಮನೆ ನೆನಪಾಯಿತು. ಹಣ ಬೇಗ ಕಳಿಸು.

ನಿನ್ನ ಭಾವ

*

ಏಪ್ರಿಲ್ 10

ಭಾವನವರಿಗೆ,

ಕೊನೆಯ ಕಂತು ಬಿಡುಗಡೆಯಾಗಿದೆ. ಕೆಲಸ ಮಳೆಗೆ ಮುಂಚೆ ಮುಗಿಸಿ, ಬಳಕೆ ಪ್ರಮಾಣಪತ್ರ ಕಳಿಸಿ.

ಎತ್ತಿನ ಕಥೆ ಚೆನ್ನಾಗಿದೆ. ಜನ ಎತ್ತುಗಳಲ್ಲ.

ಇದರ ಜೊತೆ ಅಮ್ಮನಿಗೆ ಬೇರೆ ಲಕೋಟೆ ಇದೆ. ಕಚೇರಿಯ ಮೊಹರು ಹಾಕಿ ಮೆಚ್ಚುಗೆಯ ಪತ್ರ ಮಾಡಿಸಿದ್ದೇನೆ: ‘ಕೆಳಬೀದಿಯ ಮುಂದಾಳು ಜನರನ್ನು ಸರಿಯಾದ ಮಾರ್ಗದಲ್ಲಿ ಕರೆದೊಯ್ದಿದ್ದಾರೆ.’ ಕೆಳಗೆ ನನ್ನ ಸಹಿ. ಅವಳಿಗೆ ಇಂಥದ್ದೊಂದನ್ನು ಯಾವತ್ತೂ ಕೊಟ್ಟಿರಲಿಲ್ಲ. ಖುಷಿಪಡಲಿ.

ಇತಿ ನಿಮ್ಮವ

*

ಜೂನ್ 2

ಪ್ರೀತಿಯ ಭಾವಮೈದುನನಿಗೆ,

ಕಂಬಿ ನಿಂತಿತು, ದೀಪ ಹತ್ತಿತು. ಹಸಿರು ಬಣ್ಣ ಹೊಡೆಸಿದ್ದೇನೆ. ಮೊದಲ ದಿನ ಹತ್ತಿ ನೋಡಿದ್ದು ನಾನೊಬ್ಬನೇ.

ಈಗ ಕೇಳು. ಮೊನ್ನೆ ಸೈರನ್ ನೋಡಿಕೊಳ್ಳುವ ಮೆಕ್ಯಾನಿಕ್ ತಂತಿ ಬದಲಿಸುವಾಗ ಅದು ತಾನಾಗಿ ಕೂಗಿಬಿಟ್ಟಿತು. ಹಾಡಹಗಲು, ಮೋಡವೂ ಇರಲಿಲ್ಲ. ನಾನು ಓಡಿ ಬೀದಿಗೆ ಬರುವಷ್ಟರಲ್ಲಿ ಅಂಗಡಿಗಳಿಗೆಲ್ಲ ಬೀಗ. ದಿಬ್ಬದ ಮೆಟ್ಟಿಲ ಮೇಲೆ ಒಂದು ನರಪಿಳ್ಳೆಯೂ ಇಲ್ಲ. ಕೆಳಬೀದಿ ಪೂರ್ತಿ ಮೈದಾನದಲ್ಲಿ ಸಾಲಾಗಿ ಕೂತಿತ್ತು, ಬಾಣಂತಿ ಕೂಡ ಮಗು ಎತ್ತಿಕೊಂಡು ಬಂದಿದ್ದಳು. ಮುಂದೆ ನಿನ್ನ ಅಮ್ಮ, ಕೋಟಿನ ಗುಂಡಿ ಕತ್ತಿನವರೆಗೂ ಹಾಕಿಕೊಂಡು. ಚಹಾ ಎಲ್ಲಿ ಎಂದು ನಾಲ್ಕು ಜನ ನನ್ನನ್ನೇ ಕೇಳಿದರು. ನಗು ಬರಬೇಕಿತ್ತು. ಬರಲಿಲ್ಲ.

ಮನೆಗೆ ಬಂದು ಹೇಳಿದೆ. ಅತ್ತೆ, ಅದು ಪರಿವೀಕ್ಷಕರಿಗೋಸ್ಕರ ಮಾಡಿದ್ದು, ನಿಜವಾದ ಜಾಗ ದಿಬ್ಬ, ಎಂದೆ. ಅವರು ಒಳಗೆ ಹೋಗಿ ನಿನ್ನ ಮೆಚ್ಚುಗೆಯ ಕಾಗದ ತಂದರು. ಮಡಿಕೆ ಹರಿಯಬಾರದೆಂದು ಹಿಂದೆ ಬಟ್ಟೆ ಹೊಲಿದಿದ್ದಾರೆ. “ಸರಿಯಾದ ಮಾರ್ಗ ಅಂತ ನನ್ನ ಮಗ ಮೊಹರು ಹಾಕಿ ಬರೆದಿದ್ದಾನೆ. ನೀವು ಬಾಯಲ್ಲಿ ಹೇಳ್ತಿದೀರಿ. ನಾನು ಯಾವುದನ್ನ ನಂಬ್ಲಿ?” ಎಂದರು. ಫೋನಿನಲ್ಲಿ ಅವನ ಕೈಲೇ ಹೇಳಿಸುತ್ತೇನೆ ಎಂದರೆ, ಅದರಲ್ಲಿ ಬರೋ ದನಿ ಯಾರದ್ದಾದರೂ ಆಗಬಹುದು, ಕಾಗದವಾದರೆ ಮುಟ್ಟಿ ನೋಡಬಹುದು ಎನ್ನುತ್ತಾರೆ. ಬೀದಿಯವರದ್ದೂ ಅದೇ ರಾಗ. ಅಜ್ಜಿ ಹೋದ ಕಡೆ ನಾವು.

ನಿನ್ನಿಂದ ಒಂದೇ ಸಾಲು ಬೇಕು. ‘ಅಮ್ಮಾ, ಆ ದಾರಿ ತಪ್ಪು, ದಿಬ್ಬ ಹತ್ತು.’ ಮೊಹರು ಹಾಕಿ ಕಳಿಸು. ಮಳೆ ದೂರವಿಲ್ಲ.

ನಿನ್ನ ಭಾವ

*

ಜೂನ್ 12

ಭಾವನವರಿಗೆ,

ನಿಮ್ಮ ಆತಂಕ ಅರ್ಥವಾಗುತ್ತದೆ. ಆದರೆ ನೀವು ಕೇಳುತ್ತಿರುವುದು ಸಣ್ಣ ವಿಷಯವಲ್ಲ. ಇಲ್ಲಿ ಮೇಲಧಿಕಾರಿ ಬದಲಾಗಿದ್ದಾರೆ. ಹೊಸಬರು ಮಾರ್ಚ್‌ಗೆ ಮುಗಿದ ಹಣಕಾಸು ವರ್ಷದ ಪ್ರಮಾಣಪತ್ರಗಳನ್ನೆಲ್ಲ ತರಿಸಿಕೊಂಡು ನೋಡುತ್ತಿದ್ದಾರೆ. ಇಂಥ ಸಮಯದಲ್ಲಿ ‘ತಪ್ಪು’ ಎಂದು ನನ್ನ ಕೈಯಿಂದಲೇ ಬರೆದುಕೊಡಲು ಹೇಳುತ್ತಿದ್ದೀರಿ. ಅಮ್ಮನ ಕೈಗೆ ಕೊಟ್ಟ ಕಾಗದ ಬೀದಿಗೆ ಕೊಟ್ಟ ಹಾಗೆ.

ಅಧಿಕಾರಿ ನೀವು. ನಾಮಫಲಕ ಬರೆಸಿ, ಇನ್ನೊಮ್ಮೆ ತಾಲೀಮು ಮಾಡಿಸಿ. ಮಾತಿನಲ್ಲಿ ನಿಮ್ಮನ್ನು ಮೀರಿಸುವವರಿಲ್ಲ, ಒಬ್ಬ ಮುದುಕಿಯನ್ನು ಒಪ್ಪಿಸಲಾರಿರಾ?

ಇತಿ

*

ಜೂನ್ 25

ಅನುದಾನ ವಿಭಾಗದ ಅಧಿಕಾರಿಗಳಿಗೆ,

ನಾಮಫಲಕ ಬರೆಸಿದೆ. ಓದಿದರು, ನಕ್ಕರು, ಹೋಗಿ ನಿನ್ನ ಅಮ್ಮನನ್ನು ಕೇಳಿದರು. ಇನ್ನೊಂದು ತಾಲೀಮಿಗೆ ಸೈರನ್ ಊದಲು ನಿಮ್ಮದೇ ಕಚೇರಿಯ ಅನುಮತಿ ಬೇಕು, ಇಲ್ಲವಾದರೆ ಸುಳ್ಳು ಎಚ್ಚರಿಕೆ ಎಂದು ನನ್ನ ಮೇಲೆಯೇ ಕೇಸು. ಅನುಮತಿ ಕೇಳಿ ಬರೆದೆ. ಉತ್ತರವಿಲ್ಲ. ಆ ಅರ್ಜಿ ಯಾರ ಮೇಜಿನಲ್ಲಿದೆ ಎಂದು ನಿನಗೆ ಹೇಳಬೇಕಾಗಿಲ್ಲ.

ಸೈರನ್ ಇಲ್ಲದೆ, ಮೇಲಿನ ಬೀದಿಗಳ ಕೋಟಿನವರನ್ನು ಒಬ್ಬೊಬ್ಬರಾಗಿ ಕೈಹಿಡಿದು ದಿಬ್ಬ ಹತ್ತಿಸಿ ತೋರಿಸಿದ್ದೇನೆ. ಅವರು ಒಪ್ಪಿದರು. ಒಪ್ಪದ್ದು ಕೆಳಬೀದಿ ಒಂದೇ. ನೀರು ಮೊದಲು ಬರುವುದೂ ಅಲ್ಲಿಗೇ.

ನಿನ್ನ ಅಕ್ಕ ಅಮ್ಮನ ಜೊತೆ ಜಗಳ ಮಾಡಿ ಮಾತು ಬಿಟ್ಟಿದ್ದಾಳೆ. ಕೋಟು ಬಚ್ಚಿಟ್ಟೆವು. ಹುಡುಕಿ ತೆಗೆದು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಾರೆ.

ನೀರು ದಂಡೆಯ ಮೇಲಿನ ಮೆಟ್ಟಿಲು ಮುಟ್ಟಿದೆ. ನಾನು ಅಧಿಕಾರಿಯನ್ನು ಕೇಳುತ್ತಿಲ್ಲ. ಅವರ ಮಗನನ್ನು ಕೇಳುತ್ತಿದ್ದೇನೆ. ಬಾವಿ ಬಾಯಿ ತೆರೆದಿದೆ.

*

ಜುಲೈ 1

ಭಾವ,

ನಿಮ್ಮ ಅರ್ಜಿ ನನ್ನ ಮೇಜಿನಲ್ಲೇ ಇತ್ತು. ಅನುಮತಿ ಕೊಟ್ಟರೆ ಮೊದಲನೇ ತಾಲೀಮು ಏನಾಯಿತು ಎಂಬ ಪ್ರಶ್ನೆ ಬರುತ್ತದೆ ಎಂದು ಕಡತದ ಅಡಿಗೆ ಇಟ್ಟಿದ್ದೆ. ನಿಮ್ಮ ಕಾಗದ ನೋಡಿದ ಮೇಲೆ ಅದನ್ನು ತೆಗೆದುಕೊಂಡು ಮೇಲಧಿಕಾರಿಯ ಕೊಠಡಿಗೆ ಹೋದೆ. ನಡೆದದ್ದನ್ನು ಹೇಳಿದೆ. ಅವರು ಬೈಯಲಿಲ್ಲ. ಬಾಗಿಲು ಹಾಕಿಕೊಂಡು ಬನ್ನಿ, ಕೂತು ಬರೆದುಕೊಡಿ ಎಂದರು. ಬರೆದುಕೊಟ್ಟೆ.

ಅಮ್ಮನ ಕಾಗದ ಇದರಲ್ಲೇ ಇದೆ. ಮೊಹರು ಈಗ ನನ್ನ ಕೈಯಲ್ಲಿಲ್ಲ, ಬರೀ ಸಹಿ. ಕೈಮುಗಿದು ಕೇಳುತ್ತೇನೆ, ಇರುವ ಹಾಗೆ ಓದಿ. ಏನೂ ಸೇರಿಸಬೇಡಿ.

‘ಅಮ್ಮಾ, ನಾನು ತಪ್ಪು ಮಾಡಿದೆ. ತಾಲೀಮಿನಲ್ಲಿ ನೀನು ನಡೆದ ದಾರಿ ಸರಿಯಲ್ಲ ಎಂದು ಗೊತ್ತಿದ್ದೂ ಸರಿ ಎಂದು ಸಹಿ ಹಾಕಿದೆ. ನಿನಗೆ ಕಳಿಸಿದ ಮೆಚ್ಚುಗೆಯೂ ಅದೇ ಸುಳ್ಳು. ಸೈರನ್ ಕೂಗಿದರೆ ಮೈದಾನಕ್ಕೆ ಹೋಗಬೇಡ. ದಿಬ್ಬ ಹತ್ತು. ನಿನ್ನ ಹಿಂದೆ ಬರುವವರನ್ನೂ ಹತ್ತಿಸು. ನಿನ್ನ ಮಗ.’

ರೇಡಿಯೋದಲ್ಲಿ ಹೊಳೆಯ ಸುದ್ದಿ ಹೇಳುತ್ತಿದ್ದಾರೆ. ಮನೆಗೆ ಫೋನು ಹೋಗುತ್ತಿಲ್ಲ. ಈ ಕಾಗದವನ್ನು ಅಂಚೆ ಡಬ್ಬಕ್ಕೆ ಹಾಕದೆ ದೊಡ್ಡ ಅಂಚೆ ಕಚೇರಿಗೇ ಹೋಗಿ ಕೊಟ್ಟು ಬರುತ್ತೇನೆ. ಸಿಕ್ಕ ತಕ್ಷಣ ಒಂದು ಸಾಲು ಬರೆಯಿರಿ.

*

ಜುಲೈ 9

ಪ್ರೀತಿಯ ಭಾವಮೈದುನನಿಗೆ,

ಮೊದಲು ಇದನ್ನು ಓದಿ ಉಸಿರು ಬಿಡು: ನಿನ್ನ ಅಮ್ಮ ಇದ್ದಾರೆ, ಅಕ್ಕ ಇದ್ದಾಳೆ. ನನ್ನ ಸೊಂಟವೂ ಇದೆ, ಆದರೆ ಇದ್ದೂ ಇಲ್ಲದ ಹಾಗೆ.

ನಿನ್ನ ಕಾಗದ ದೋಣಿಯಲ್ಲಿ ಹೊಳೆ ದಾಟಿ ಬಂದದ್ದು ನಿನ್ನೆ. ಹೊಳೆ ಉಕ್ಕಿದ್ದು 3ರ ಬೆಳಿಗ್ಗೆ. ಅದಕ್ಕೆ ಮೊದಲೇ ಸೇತುವೆ ಮುಚ್ಚಿದ್ದರು, ಅಂಚೆ ಚೀಲ ಆಚೆ ದಡದಲ್ಲೇ ಉಳಿದಿತ್ತು. ಸೈರನ್ ಊದಿದವನು ನಾನೇ. ಗುಂಡಿ ಒತ್ತುವಾಗ, ನನ್ನ ಕೈಯಾರೆ ಕೆಳಬೀದಿಯನ್ನು ಬಾವಿಗೆ ಕಳಿಸುತ್ತಿದ್ದೇನೆ ಅನ್ನಿಸಿತು. ಒತ್ತದೆ ಇರುವ ಹಾಗೂ ಇರಲಿಲ್ಲ.

ಒತ್ತಿ ಓಡಿದೆ. ಕೆಳಬೀದಿ ಮುಗಿಯುವಲ್ಲಿ ದಾರಿ ಕವಲೊಡೆಯುತ್ತದಲ್ಲ, ಬಲಕ್ಕೆ ಮೈದಾನ, ಎಡಕ್ಕೆ ದಿಬ್ಬ, ಅಲ್ಲಿ ಔಷಧಿ ಅಂಗಡಿಯ ಸೂರಿನ ಕೆಳಗೆ ಅಡ್ಡ ನಿಂತೆ. ಮಳೆಯೊಳಗಿಂದ ಕೋಟು ಬಂತು. ಒಂದು ಕೈ ಗೋಡೆಯ ಮೇಲೆ. ಹಿಂದೆ ಇಡೀ ಬೀದಿ, ಕಂಕುಳಲ್ಲಿ ಮಕ್ಕಳು, ತಲೆ ಮೇಲೆ ಗಂಟು. ಯಾರೂ ಕೂಗಾಡುತ್ತಿರಲಿಲ್ಲ. ಎಷ್ಟು ಚೆನ್ನಾಗಿ ಕಲಿತಿದ್ದರು!

“ದಾರಿ ಬಿಡಿ ಅಳಿಯಂದ್ರೇ,” ಎಂದರು ಅತ್ತೆ.

ನನಗೆ ಬೇರೆ ಏನೂ ತೋಚಲಿಲ್ಲ. ಜೇಬಿಗೆ ಕೈ ಹಾಕಿದೆ. ಕಂಬಿಗೆ ಬಣ್ಣ ಹೊಡೆದವನ ರಸೀತಿ ಸಿಕ್ಕಿತು. ಅದನ್ನೇ ಬಿಚ್ಚಿ ಹಿಡಿದು, ಮಗನ ಕಾಗದ ಬಂದಿದೆ ಅತ್ತೆ, ಎಂದು ಓದತೊಡಗಿದೆ. ‘ಅಮ್ಮಾ, ನಾನು ತಪ್ಪು ಮಾಡಿದೆ. ಆ ದಾರಿ ಸರಿಯಲ್ಲ. ದಿಬ್ಬ ಹತ್ತು.’

ಅವರು ತಲೆ ಓರೆ ಮಾಡಿ ಕೇಳಿದರು. ಅಷ್ಟೇನಾ ಎಂದರು. ಅಷ್ಟೇ ಎಂದೆ.

“ಹುಟ್ಟಿದಾಗಿಂದ ನನ್ನ ಮಗ ತಪ್ಪಾಯ್ತು ಅಂದವನಲ್ಲ. ಇದರಲ್ಲಿ ಬೇಳೆನೇ ಇಲ್ಲ ಅಳಿಯಂದ್ರೇ. ಪೂರ್ತಿ ಒಗ್ಗರಣೆ.”

ನಾನು ಸತ್ತೆ ಅಂದುಕೊಂಡೆ. ಹಿಂದಿನಿಂದ ಚಹದಂಗಡಿಯವನು, ಇವರದ್ದು ಮುಗಿಯೋ ಕಥೆಯಲ್ಲ ಎಂದು ನನ್ನನ್ನು ಸರಿಸಿ ಮೈದಾನದ ಕಡೆ ಓಡಿದ. ಇನ್ನಿಬ್ಬರು ಕಾಲು ಕಿತ್ತರು. ಅತ್ತೆ ಕಾಗದ ಮುಟ್ಟಿ ನೋಡಲು ಕೈ ಚಾಚಿದರು. ಸಿಕ್ಕಿದ್ದು ನನ್ನ ಮಣಿಕಟ್ಟು. ಅದನ್ನೇ ಬಿಗಿಯಾಗಿ ಹಿಡಿದುಕೊಂಡರು.

“ಇಷ್ಟು ವರ್ಷ ಒಗ್ಗರಣೆ ಹಾಕಿದೀರಿ,” ಎಂದರು ಮೆಲ್ಲಗೆ. “ಒಂದಿನಾನೂ ಕೈ ನಡುಗಿರಲಿಲ್ಲ.”

ಆಮೇಲೆ ಹಿಂದಕ್ಕೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, “ದಿಬ್ಬಕ್ಕೆ ನಡೀರಿ. ಮಗನ ಕಾಗದ ಬಂದಿದೆ,” ಎಂದರು.

ಆ ಮೆಟ್ಟಿಲು ಅವರ ಕಾಲಿಗೆ ಗೊತ್ತಿರಲಿಲ್ಲ. ಕಂಬಿ ಹಿಡಿದುಕೊಂಡು ಒಂದೊಂದೇ ಹತ್ತಿದರು, ಬೀದಿ ಅವರ ಹಿಂದೆ ಹತ್ತಿತು. ಕೊನೆಯವರು ಮೇಲೆ ಮುಟ್ಟಿದಾಗ ತಿರುಗಿ ನೋಡಿದೆ. ಮೈದಾನ ಇರಲಿಲ್ಲ. ಪರಿವೀಕ್ಷಕರು ಕೂತಿದ್ದ ಕಡೆ ಕೆಂಪು ನೀರು ಸುತ್ತುತ್ತಿತ್ತು. ಮುಂದೆ ಓಡಿದವರಲ್ಲಿ ಇಬ್ಬರು ಈಜಿ ಗೋಡೆ ಹತ್ತಿದರು. ಚಹದಂಗಡಿಯವನು ದೀಪದ ಕಂಬ ತಬ್ಬಿಕೊಂಡಿದ್ದ. ನಿಮ್ಮ ಅನುದಾನದ ದೋಣಿಯಲ್ಲೇ ಹೋಗಿ ತಂದೆವು. ಕೈ ಬಿಡಿಸಲು ಇಬ್ಬರು ಬೇಕಾದರು. ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ಅಂಗಡಿಗಳು ಹೋದವು, ಅತ್ತೆಯ ಗುಂಡಿ-ದಾರವೂ ಹೋಯಿತು. ಜನ ಹೋಗಲಿಲ್ಲ.

ಇನ್ನು ನಿನ್ನ ಕಾಗದದ ಮಾತು. ನಿನ್ನೆ ದಿಬ್ಬದ ಮೇಲೆ, ಎಲ್ಲರ ನಡುವೆ, ಇರುವ ಹಾಗೆ ಓದಿದೆ. ಒಂದಕ್ಷರ ಸೇರಿಸಲಿಲ್ಲ. ನಿನ್ನಾಣೆ, ನಾನು ಬಾಯಿಂದ ಕಟ್ಟಿದ್ದ ಮಾತೇ ಅದರಲ್ಲಿ ಬರೆದಿತ್ತು. ಅತ್ತೆ ಕೇಳಿ ನಕ್ಕರು.

“ನೀರು ಇಳೀತಲ್ಲ, ಇನ್ನೂ ಯಾಕೆ ಓದ್ತೀರಾ? ಎರಡನೇ ಸಲಕ್ಕಾದ್ರೂ ಬೇರೆ ಮಾತು ಹಾಕಬಾರದಿತ್ತಾ?”

ನಿನ್ನ ಅಕ್ಕನ ಕೈಯಲ್ಲಿ ಓದಿಸಿದೆ. “ಗಂಡನಿಗೆ ತಕ್ಕ ಹೆಂಡತಿ,” ಎಂದರು. ನಿನ್ನ ಸಹಿಯ ಮೇಲೆ ಅವರ ಬೆರಳಿಟ್ಟೆ. ಸಹಿ ಕೈಗೆ ಸಿಗುವುದಿಲ್ಲ, ಮೊಹರು ಮಾತ್ರ ಉಬ್ಬಿರುತ್ತದೆ, ಅದೂ ಇಲ್ಲ. ನಿಜ ಬರೆದ ಕಾಗದವನ್ನು ನಂಬಿಸಲಾರದೆ ನಾನು ಸೋತೆ ಕಣಪ್ಪ. ಸುಳ್ಳಿಗೇ ನನ್ನ ಬಾಯಿ ಒಗ್ಗಿರಬೇಕು.

ಕೋಟು ಒಣಗಿ ಮೊಳೆಯಲ್ಲಿ ನೇತಾಡುತ್ತಿದೆ. ನಿನ್ನ ಕೆಲಸ ಏನಾಯಿತು? ಬರೆಯದೆ ಬಚ್ಚಿಡಬೇಡ.

ನಿನ್ನ ಭಾವ

*

ಜುಲೈ 15

ಪ್ರೀತಿಯ ಭಾವನಿಗೆ,

ವಿಚಾರಣೆ ಮುಗಿಯುವವರೆಗೆ ಕಚೇರಿಗೆ ಬರಬಾರದೆಂದು ಹೇಳಿದ್ದಾರೆ. ಮುಗಿದ ಮೇಲೂ ಕರೆಯುತ್ತಾರೋ ಇಲ್ಲವೋ. ಎರಡನೇ ತಾಲೀಮಿಗೆ ಹೊಸ ಅಧಿಕಾರಿ ಅನುಮತಿ ಕೊಟ್ಟಿದ್ದಾರೆ. ಆದೇಶ ಈ ವಾರ ನಿಮಗೆ ಬರುತ್ತದೆ, ನನ್ನ ಸಹಿ ಇರುವುದಿಲ್ಲ.

ಸೇತುವೆ ತೆರೆದ ಮೊದಲ ಬಸ್ಸಿಗೆ ಬರುತ್ತೇನೆ. ಅದರ ಮಾರನೆಯ ದಿನ ತಾಲೀಮು ಇಡಿ. ಕುರ್ಚಿ ಬೇಡ, ನೆರಳು ಬೇಡ. ಕೆಳಬೀದಿಯ ಜನರ ಜೊತೆ ನಾನೂ ಅಮ್ಮನ ಕೋಟಿನ ಹಿಂದೆ ನಡೆಯುತ್ತೇನೆ. ಮೆಟ್ಟಿಲು ಅವಳ ಕಾಲಿಗೆ ಗೊತ್ತಾಗುವವರೆಗೆ ಎಷ್ಟು ಸಲ ಬೇಕಾದರೂ ಹತ್ತೋಣ.

ಮೇಲೆ ಹೋದ ಮೇಲೆ, ಬರೆದದ್ದನ್ನು ಅವಳ ಕೈ ಹಿಡಿದುಕೊಂಡು ಹೇಳುತ್ತೇನೆ. ಅಲ್ಲಿಯವರೆಗೆ ಇದನ್ನು ಓದಿ ಹೇಳಬೇಡಿ.

ಕಾಗದ ತರುವುದಿಲ್ಲ. ನನ್ನ ಕೈಯೂ ನಡುಗುತ್ತದೆ. ಅವಳಿಗೆ ಗೊತ್ತಾಗಲಿ.

ನಿಮ್ಮ ಭಾವಮೈದುನ